ಸೋದರಮಾವನ ಕೈ

ಹೊರದೇಶದ ಊರು ಗಾಲ್ವೇಯ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ವಸುಂಧರಾಳಿಗೆ ಹೆದರದವರು ಇರಲಿಲ್ಲ. ಥಾಯ್ಲೆಂಡಿನಿಂದ ಹುಡುಗ ಹುಡುಗನನ್ನು ಪ್ರೀತಿಸುವ ಧಾರಾವಾಹಿಗಳು ಬರುತ್ತವಲ್ಲ, ಎಳೆಯರು ಬಿಎಲ್ ಎನ್ನುತ್ತಾರೆ, ಅವುಗಳ ನ್ಯಾಯಾಧೀಶೆ ಆ ಗುಂಪಿನಲ್ಲಿ ಅವಳೇ. ಐವತ್ಮೂರು ವರ್ಷದ ಮೈಸೂರಿನ ಹೆಂಗಸು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಂತು ನೋಡಿ, ಇಳಿಯುವ ಮೊದಲೇ ತೀರ್ಪು ಬರೆದು ಹಾಕುತ್ತಿದ್ದಳು.

"ಮೂರನೇ ಕಂತು. ಕುಡಿದು ಮಲಗಿದವನಿಗೆ ಮುತ್ತು ಕೊಟ್ಟ. ಹಿಂದೆ ಪಿಯಾನೊ. ಪಿಯಾನೊ ಬಾರಿಸಿದ್ರೆ ತಪ್ಪು ಸರಿಯಾಗಲ್ಲ. ಇವನಿಗೆ ಚಪ್ಪಲೀಲಿ ಹೊಡೀಬೇಕು."

"ಪಾಪ, ಪ್ರೀತಿಗೋಸ್ಕರ ತಾನೇ ವಸುಂಧರಾ" ಎಂದು ಗೀತಾ ಎಂಬಾಕೆ ಒಮ್ಮೆ ಬರೆದಳು. ವಸುಂಧರಾ ಕೊಟ್ಟ ಉತ್ತರಕ್ಕೆ ಗೀತಾ ಗುಂಪನ್ನೇ ಬಿಟ್ಟು ಹೋದಳು. ಎರಡು ತಿಂಗಳಾದ ಮೇಲೆ ಮರಳಿ ಬಂದಳು, ಆದರೆ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆಯಲಿಲ್ಲ.

ವಸುಂಧರಾಳ ಕೆಲಸ ವೈದ್ಯಕೀಯ ಉಪಕರಣದ ಕಂಪನಿಯೊಂದರ, ಧೂಳಿನ ಕಣವೂ ಸುಳಿಯಬಾರದ ಕ್ಲೀನ್ ರೂಮಿನಲ್ಲಿ. ಹೃದಯದ ರಕ್ತನಾಳಕ್ಕೆ ತೂರಿಸುವ ಸಣ್ಣ ಕೊಳವೆಗಳನ್ನು ಸೂಕ್ಷ್ಮದರ್ಶಕದಡಿ ಹಿಡಿದು, ಗೀರು ಬಿದ್ದಿದ್ದರೆ ಪಕ್ಕಕ್ಕೆ ಎಸೆಯಬೇಕು. ಹದಿನೇಳು ವರ್ಷದಿಂದ ಎಸೆಯುತ್ತಿದ್ದಾಳೆ. ಆ ಕೋಣೆಯ ಒಂದು ನಿಯಮ ಅವಳಿಗೆ ಪ್ರಾಣ: ಒಳಗೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಹೊಸಬನೊಬ್ಬ ಸಲಿಗೆಯಿಂದ ಹೆಗಲು ತಟ್ಟಿದರೆ, ತಟ್ಟಿಸಿಕೊಂಡವರು ಹೊರಗೆ ಹೋಗಿ ತಲೆಯಿಂದ ಕಾಲಿನವರೆಗೆ ಬಟ್ಟೆ ಬದಲಿಸಿ ಬರಬೇಕು. ತಟ್ಟಿದವನು ಸೂಪರ್‌ವೈಸರ್ ಮುಂದೆ ನಿಲ್ಲಬೇಕು. ಲೋಕವೆಲ್ಲ ಹೀಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಈ ಧಾರಾವಾಹಿಗಳು ಮನೆಗೆ ಬಂದ ಕಥೆ ಅವಳು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಅವಳ ಮರ್ಯಾದೆ ಉಳಿಯುವುದಿಲ್ಲ. ಮಗಳು ಅನನ್ಯಾಗೆ ಆಗ ಹದಿನೈದು. ಒಂದು ಸಂಜೆ ಬಾಗಿಲು ತಟ್ಟದೆ ಒಳಗೆ ನುಗ್ಗಿದ ವಸುಂಧರಾ, ಮಗಳ ಫೋನಿನಲ್ಲಿ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಅಪ್ಪಿಕೊಂಡಿದ್ದನ್ನು ಕಂಡು ಕೆಂಡವಾದಳು. ಫೋನು ಕೊಡುವುದಿಲ್ಲವೆಂದ ಹುಡುಗಿಯ ಮಣಿಕಟ್ಟು ಹಿಡಿದು ತಿರುಚಿ ಕಿತ್ತುಕೊಂಡಳು. ಅದೇನು ಹೊಲಸೋ ನೋಡಿಯೇ ಬಿಡೋಣವೆಂದು ಅಡುಗೆಮನೆಯಲ್ಲಿ ನಿಂತು ಹಚ್ಚಿದರೆ, ಅದರಲ್ಲಿ ಎತ್ತರದ ಹುಡುಗನೊಬ್ಬ ಕುಳ್ಳ ಹುಡುಗನ ಮಣಿಕಟ್ಟು ಹಿಡಿದು ಕಾಲೇಜಿನ ಮೆಟ್ಟಿಲ ಮೇಲೆ ದರದರ ಎಳೆದೊಯ್ಯುತ್ತಿದ್ದ. ಸುತ್ತಲಿನವರು ನಗುತ್ತಿದ್ದರು. ಹಾಡು ಬರುತ್ತಿತ್ತು. ಎಳೆಸಿಕೊಂಡವನು ನಾಚಿಕೊಂಡ! ವಸುಂಧರಾ ಆ ಎತ್ತರದವನಿಗೆ ಬಾಯಿಗೆ ಬಂದಂತೆ ಬೈದಳು. ರಾತ್ರಿ ಊಟಕ್ಕೆ ಕೂತಾಗ ಮಗಳ ಮಣಿಕಟ್ಟಿನ ಮೇಲೆ ಐದು ಬೆರಳು ಕೆಂಪಗೆ ಮೂಡಿದ್ದವು.

ಕ್ಷಮಿಸು ಎನ್ನುವ ಮಾತು ಅವಳ ನಾಲಿಗೆಗೆ ಒಗ್ಗಿದ್ದಲ್ಲ. ಮರುದಿನ ಫೋನು ವಾಪಸು ಕೊಟ್ಟು, "ಆ ಉದ್ದನೆಯವನು ಮುಂದೆ ಉದ್ಧಾರ ಆಗ್ತಾನಾ?" ಎಂದು ಕೇಳಿದಳು. ಮಗಳು ಗೋಡೆ ನೋಡುತ್ತ, "ಇಲ್ಲ" ಎಂದಳು. ಅಲ್ಲಿಂದ ಇಬ್ಬರೂ ಜೊತೆಗೆ ನೋಡತೊಡಗಿದರು. ಆ ಸಂಜೆಯ ಮಾತನ್ನು ಮಾತ್ರ ಹತ್ತು ವರ್ಷ ಇಬ್ಬರೂ ಎತ್ತಲಿಲ್ಲ.

ಹತ್ತು ವರ್ಷದಲ್ಲಿ ಧಾರಾವಾಹಿಗಳೂ ಬುದ್ಧಿ ಕಲಿತವು, ಕೆಲವಾದರೂ. ಹೋದ ವರ್ಷ ಬಂದ ಒಂದನ್ನು ವಸುಂಧರಾ ನಾಲ್ಕು ಸಲ ನೋಡಿದಳು. ಅದರಲ್ಲಿ ಈಜುಗಾರ ಹುಡುಗನೊಬ್ಬನಿದ್ದಾನೆ. ಅವನ ಅಪ್ಪನೇ ಅವನ ಗುರು. ಸೋತಾಗಲೆಲ್ಲ ಕತ್ತು ಹಿಡಿದು ನೀರಲ್ಲಿ ಮುಳುಗಿಸಿದವನು. ಈಗ ಹುಡುಗನಿಗೆ ಕತ್ತಿನ ಹತ್ತಿರ ಯಾರದೇ ಕೈ ಬಂದರೂ ಉಸಿರು ನಿಲ್ಲುತ್ತದೆ. ಅವನನ್ನು ಮೆಚ್ಚಿದ ನೂಡಲ್ಸ್ ಅಂಗಡಿಯ ಹುಡುಗ ಪ್ರತಿ ಕಂತಿನಲ್ಲೂ, "ಹೆಗಲ ಮೇಲೆ ಕೈ ಇಡಲಾ?" ಎನ್ನುತ್ತಾನೆ. "ಇವತ್ತು ಬೇಡ" ಎನ್ನುತ್ತಾನೆ ಇವನು. "ಸರಿ" ಎಂದು ಅವನು ನೂಡಲ್ಸ್ ತಿನ್ನುತ್ತಾನೆ, ಅಷ್ಟೆ! ಮುಖ ಸಣ್ಣದು ಮಾಡುವುದಿಲ್ಲ, ಮಳೆಯಲ್ಲಿ ನಿಂತು ನೆನೆಯುವುದಿಲ್ಲ. ಪ್ರೀತಿ ಸಿಕ್ಕಿದ ಮಾತ್ರಕ್ಕೆ ಹುಡುಗನ ಗಾಯ ಮಾಯುವುದೂ ಇಲ್ಲ. ವಾರಕ್ಕೊಮ್ಮೆ ಆಪ್ತಸಲಹೆಗಾರರ ಮುಂದೆ ಹೋಗಿ ಕೂರುತ್ತಾನೆ, ಅರ್ಧ ಸಲ ಬಾಯಿಯೇ ಬಿಡುವುದಿಲ್ಲ. ಹನ್ನೆರಡನೇ ಕಂತಿನಲ್ಲಿ ಅಪ್ಪ ಗೇಟಿನ ಮುಂದೆ ನಿಂತು ಗೊಳೋ ಎಂದು ಅಳುತ್ತಾನೆ. ಹುಡುಗ ಅವನಿಗೆ ಒಂದು ಲೋಟ ನೀರು ಕೊಟ್ಟು, ಕುಡಿದ ಮೇಲೆ ಲೋಟ ಇಸಿದುಕೊಂಡು, ಗೇಟು ಹಾಕಿಕೊಳ್ಳುತ್ತಾನೆ.

ವಸುಂಧರಾ ಗುಂಪಿನಲ್ಲಿ ಬರೆದದ್ದು ಒಂದೇ ಸಾಲು: "ಇವನಿಗೆ ನೂರಕ್ಕೆ ನೂರು."

ಅವಳ ಬಲಗೈ ಪೂರ್ತಿ ಅಂಗಾತ ತಿರುಗುವುದಿಲ್ಲ. ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವಾಗ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿಯಬೇಕು. ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದು ಗಂಡನಿಗೂ ಹೇಳಿದ್ದಳು, ಮಗಳಿಗೂ ಹೇಳಿದ್ದಳು. ಅದು ಸುಳ್ಳು. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವಳಿಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ಸತ್ಯಪ್ರಕಾಶನಿಗೆ ಬಂತು. ಅವಳಿಗೆ ಹತ್ತೊಂಬತ್ತು ವರ್ಷವಿದ್ದಾಗ, ಬಸ್ ಸ್ಟಾಪಿನಲ್ಲಿ ಸಹಪಾಠಿಯೊಬ್ಬನ ಜೊತೆ ಮಾತಾಡುತ್ತಿದ್ದಳೆಂದು ಅಣ್ಣ ಅವಳ ಮಣಿಕಟ್ಟು ತಿರುಚಿ ಹಿಡಿದು, ನಾಲ್ಕು ಬೀದಿ ಎಳೆದುಕೊಂಡು ಬಂದ. ಬಾಗಿಲಲ್ಲಿ ನಿಂತ ಹೆಂಗಸರು ನೋಡಿದರು, ಯಾರೂ ಏನೂ ಅನ್ನಲಿಲ್ಲ. ಹನ್ನೊಂದು ದಿನ ಕೋಣೆಯಲ್ಲಿ ಕೂಡಿಹಾಕಿದ. ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಗೆ ಹೋದರೆ ಏನೆಂದು ಹೇಳುವುದು ಎಂದು ಅಮ್ಮ ಎಣ್ಣೆ ತಿಕ್ಕಿದಳು. ಕಾಯಬೇಕಾದವನೇ ಹಾಗೆ ಮಾಡಿದ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಅವಳ ಮದುವೆಯಲ್ಲಿ ಲಾಜಾಹೋಮಕ್ಕೆ ಅಣ್ಣ ಅರಳು ಸುರಿಯುವಾಗ ಬೊಗಸೆ ಸರಿಯಾಗಿ ನಿಲ್ಲದೆ ಅರಳು ಚೆಲ್ಲಿತು. ಅವನು ಕೆಳಗಿನಿಂದ ಅದೇ ಮಣಿಕಟ್ಟನ್ನು ಹಿಡಿದು ಬೊಗಸೆ ನೆಟ್ಟಗೆ ಮಾಡಿದ. ಆ ಫೋಟೋ ಆಲ್ಬಮ್ಮಿನಲ್ಲಿದೆ. ನೋಡಿದವರೆಲ್ಲ, ಇಂಥ ಅಣ್ಣ ಯಾರಿಗುಂಟು ಎನ್ನುತ್ತಾರೆ.

ಈಗ ಅನನ್ಯಾಳ ಮದುವೆ. ಹುಡುಗ ಗಗನ್, ಡನ್‌ಡಾಕ್ ಎಂಬ ಊರಿನಲ್ಲಿ ಕೆಲಸ. ಹೆಣ್ಣನ್ನು ಮಂಟಪಕ್ಕೆ ಕೈಹಿಡಿದು ಕರೆತರಬೇಕಾದವನು ಸೋದರಮಾವ. ಅವನಿಲ್ಲದೆ ನಡೆಸೋಣ ಎಂದು ವಸುಂಧರಾ ಗಂಡನಿಗೆ ಆರು ತಿಂಗಳ ಹಿಂದೆಯೇ ಹೇಳಿದ್ದಳು. ವೆಂಕಟೇಶಮೂರ್ತಿ ಒಳ್ಳೆಯವನು. ಒಳ್ಳೆಯವರ ತೊಂದರೆ ಏನೆಂದರೆ ಅವರಿಗೆ ಮುರಿದದ್ದನ್ನೆಲ್ಲ ಅಂಟಿಸುವ ಚಟ. ಹೆಂಡತಿಗೆ ಹೇಳದೆ ಭಾವನಿಗೆ ಟಿಕೆಟ್ ಕಳಿಸಿದ. ಮದುವೆಗೆ ಒಂದು ವಾರ ಇರುವಾಗ ವಿಮಾನ ನಿಲ್ದಾಣದಿಂದ ನೇರ ಮನೆಗೇ ಕರೆತಂದು, "ಸರ್‌ಪ್ರೈಸ್!" ಎಂದ. ಮಗಳ ಮದುವೆಗೆಂದು ಬಂದ ಅಣ್ಣನನ್ನು ಬಾಗಿಲಿಂದ ವಾಪಸು ಕಳಿಸಿದರೆ ಆಡುವವರು ಆಡುವುದು ಮಗಳನ್ನೇ ಎಂದುಕೊಂಡು ವಸುಂಧರಾ ಹಲ್ಲು ಕಚ್ಚಿದಳು. ಗಾಲ್ವೇಯಲ್ಲಿ ಅವನನ್ನು ಇರಿಸಲು ಬೇರೆ ಕೋಣೆಯೂ ಸಿಗಲಿಲ್ಲ.

ಆ ವಾರ ಮನೆಯಲ್ಲಿ ಗಾಳಿಯೂ ಮುಳ್ಳಾಗಿತ್ತು. ಅರವತ್ತೆರಡರ ಸತ್ಯಪ್ರಕಾಶನಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ. ಕೋಣೆಗೆ ನುಗ್ಗುವನು, ಫ್ರಿಜ್ ತೆಗೆದು ಕೆದಕುವನು, ಸಾರಿಗೆ ಉಪ್ಪು ಕಡಿಮೆ ಎನ್ನುವನು. ಬುಧವಾರ ಸಂಜೆ ಅನನ್ಯಾ ಟಿವಿಯಲ್ಲಿ ಆ ಈಜುಗಾರನ ಕಥೆ ಹಚ್ಚಿಕೊಂಡಿದ್ದಾಗ, ಅವನು ಬಂದು ಸೋಫಾದ ನಡುವೆ ಕೂತ. ಕಥೆಯ ಹುಡುಗ ಬಾತ್‌ರೂಮಿನ ಮೂಲೆಯಲ್ಲಿ ಮುದುರಿ ಕೂತು ನಡುಗುತ್ತಿದ್ದ.

"ಏನಿದು ದರಿದ್ರ? ಗಂಡಸು ಹಿಂಗೆ ಅಳ್ತಾನಾ?" ಎಂದ ಸತ್ಯಪ್ರಕಾಶ್.

"ಮಾಮ, ಅವನಿಗೆ ಟ್ರಾಮಾ ಇದೆ" ಎಂದಳು ಅನನ್ಯಾ.

"ಎಂಥ ಟ್ರಾಮಾನೋ! ಎರಡು ಬಿಗಿದ್ರೆ ಎಲ್ಲ ಸರಿಹೋಗತ್ತೆ. ನಿಮ್ಮಮ್ಮನ್ನ ನಾನು ಸರಿ ಮಾಡ್ಲಿಲ್ವಾ? ಕೈ ಹಿಡಿದು ದಾರಿಗೆ ತಂದೆ. ಇಲ್ದಿದ್ರೆ ಯಾವನ ಹಿಂದೆ ಓಡಿಹೋಗ್ತಿದ್ಲೋ."

ಅವನು ನಕ್ಕ. ಅನನ್ಯಾ ಟಿವಿ ನಿಲ್ಲಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಬಲಗೈ ನೋಡಿದಳು.

"ಬಾತ್‌ರೂಮಲ್ಲಿ ಬಿದ್ದಿದ್ದಲ್ವಾ ಅಮ್ಮ?"

"ಅಲ್ಲ" ಎಂದಳು ವಸುಂಧರಾ. ಬಸ್ ಸ್ಟಾಪು, ನಾಲ್ಕು ಬೀದಿ, ಹನ್ನೊಂದು ದಿನ, ಎಣ್ಣೆ, ಎಲ್ಲವನ್ನೂ ನಿಂತ ಕಾಲಲ್ಲೇ ಹೇಳಿದಳು. ದನಿ ಏರಲಿಲ್ಲ. ಮೂವತ್ನಾಲ್ಕು ವರ್ಷ ಒಳಗೇ ಹೇಳಿಕೊಂಡು ಹೇಳಿಕೊಂಡು ಅದು ಬಾಯಿಪಾಠವಾಗಿತ್ತು.

ಸತ್ಯಪ್ರಕಾಶ್ ಅಲ್ಲಗಳೆಯಲಿಲ್ಲ. "ಅಪ್ಪ ಇರ್ಲಿಲ್ಲ. ಜವಾಬ್ದಾರಿ ನನ್ನ ತಲೆ ಮೇಲಿತ್ತು. ಅಷ್ಟು ಹಳೇದನ್ನ ಇನ್ನೂ ಕಟ್ಕೊಂಡು ಕೂತಿದೀಯಾ?" ಎಂದ.

ಮೂಲೆಯ ಕುರ್ಚಿಯಲ್ಲಿದ್ದ ವೆಂಕಟೇಶಮೂರ್ತಿಯ ಮುಖ ಬಿಳಿಚಿಕೊಂಡಿತ್ತು. ಆದರೂ ಅವನ ಬಾಯಿಂದ ಬಂದದ್ದು, "ಹೋಗ್ಲಿ ಬಿಡು ವಸು, ಮದುವೆ ಮನೆ. ಮುಗೀಲಿ, ಆಮೇಲೆ ಮಾತಾಡೋಣ" ಎಂಬ ಮಾತೇ.

"ಮದುವೆಗೆ ಮುಂಚೆನೇ ಮಾತಾಡಿ ಆಯ್ತಲ್ಲ ರೀ. ಇವನು ಇವಳ ಕೈ ಹಿಡಿಯೋ ಹಾಗಿಲ್ಲ."

ಎರಡು ದಿನ ಫೋನುಗಳು ಹಾರಾಡಿದವು. ಮೈಸೂರಿನಿಂದ ಅತ್ತಿಗೆ, ಬೆಂಗಳೂರಿನಿಂದ ಚಿಕ್ಕಮ್ಮ, ಗಂಡನ ಕಡೆಯ ಯಾರ್ಯಾರೋ. ಹೊರದೇಶಕ್ಕೆ ಹೋಗಿ ಕೊಬ್ಬು ಬಂದಿದೆ ಎಂದರು. ಶಾಸ್ತ್ರ ಬಿಟ್ಟರೆ ಮಗಳಿಗೆ ಶ್ರೇಯಸ್ಸಲ್ಲ ಎಂದು ಹೆದರಿಸಿದರು. ವಸುಂಧರಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: ಅವನು ಊಟ ಮಾಡಬಹುದು, ಅಕ್ಷತೆ ಹಾಕಬಹುದು, ಕೈ ಹಿಡಿಯುವಂತಿಲ್ಲ.

ಮದುವೆಯ ದಿನ, ಶನಿವಾರ ಬೆಳಿಗ್ಗೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಸತ್ಯಪ್ರಕಾಶ್ ಅತ್ತ. ನಾಟಕವಲ್ಲ, ನಿಜವಾಗಿಯೇ ಅತ್ತ. ಮೂಗು ಸೋರಿತು. ಎದ್ದು ಬಂದು ತಂಗಿಯ ಹೆಗಲನ್ನು ಬಲವಾಗಿ ಹಿಡಿದು, "ತಪ್ಪಾಯ್ತು ಕಣೆ. ಇಷ್ಟು ಜನರ ಮುಂದೆ ನನ್ನ ಮಾನ ಕಳೀಬೇಡ. ಇದೊಂದು ಮಾಡೋಕೆ ಬಿಡು" ಎಂದ.

ವಸುಂಧರಾ ಅವನನ್ನೇ ನೋಡಿದಳು. ಒಂದೇ ಹಾಲು ಕುಡಿದವರು. ಅವನ ತಲೆಯೂ ಪೂರ್ತಿ ಬೆಳ್ಳಗಾಗಿತ್ತು. ಆದರೆ ಕ್ಷಮೆ ಕೇಳುವಾಗಲೂ ಆ ಕೈ ಹಿಡಿದದ್ದು ಹಾಗೆಯೇ, ಬಿಡಿಸಿಕೊಳ್ಳಲು ಆಗದ ಹಾಗೆ.

"ಕೈ ತೆಗಿ ಅಣ್ಣ."

ಅವನು ತೆಗೆಯಲು ಒಂದು ಕ್ಷಣ ಹಿಡಿಯಿತು.

"ಅತ್ತಿದ್ದು ಒಳ್ಳೇದಾಯ್ತು. ಕಾಫಿ ಕುಡಿ. ನಾನು ಹೇಳಿದ್ದು ಮಾತ್ರ ಬದಲಾಗಲ್ಲ."

ಸಾಲ್ಟ್‌ಹಿಲ್‌ನ ಬಾಡಿಗೆ ಹಾಲ್‌ನಲ್ಲಿ ಸಮುದ್ರದ ಗಾಳಿಗೆ ಕಿಟಕಿಗಳು ಗಡಗಡ ಅನ್ನುತ್ತಿದ್ದವು. ಡಬ್ಲಿನ್‌ನಿಂದ ಬಂದ ಪುರೋಹಿತರಿಗೆ ನಾಲ್ಕಕ್ಕೆ ಹಾಲ್ ಖಾಲಿ ಮಾಡಬೇಕೆಂಬ ಚಿಂತೆ. ಅಂತರಪಟ ಹಿಡಿಸಿ, "ಸೋದರಮಾವ ಹೆಣ್ಣನ್ನ ಕರ್ಕೊಂಡು ಬರ್ಬೇಕು" ಎಂದು ಕೂಗಿದರು. ಸತ್ಯಪ್ರಕಾಶ್ ಜರಿಪಂಚೆ ಸರಿಮಾಡಿಕೊಂಡು ಎದ್ದೇ ಬಿಟ್ಟ. ಜನರ ಮುಂದೆ ತಂಗಿ ಬಾಯಿ ಮುಚ್ಚುತ್ತಾಳೆ ಎನ್ನುವುದು ಅವನ ಲೆಕ್ಕ. ನಾಲ್ಕು ಬೀದಿ ಬಾಯಿ ಮುಚ್ಚಿಕೊಂಡು ಬಂದವಳಲ್ಲವೇ!

ವಸುಂಧರಾ ವಧುವಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ಸೋದರಮಾವ ಕರೆತರೋದಿಲ್ಲ. ಅವನು ನನ್ನ ಕೈ ಮುರಿದೋನು" ಎಂದಳು. ನೂರಾ ಇಪ್ಪತ್ತು ಜನಕ್ಕೂ ಕೇಳಿಸಿತು. ಹಿಂದಿನ ಸಾಲಿನಲ್ಲಿದ್ದ ವಾಟ್ಸಾಪ್ ಗುಂಪಿನ ಗೀತಾ ಎದ್ದು ನಿಂತಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ವೆಂಕಟೇಶಮೂರ್ತಿ ಮಂಟಪದಿಂದ ಇಳಿದು ಬಂದು ಭಾವನ ಮುಂದೆ ನಿಂತ. "ಕೂತ್ಕೊಳ್ಳಿ ಭಾವ" ಎಂದ. ಮತ್ತೆ, "ಕೂತ್ಕೊಳ್ಳಿ" ಎಂದ. ಸತ್ಯಪ್ರಕಾಶ್ ಕೂರಲಿಲ್ಲ. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಹಾಲ್‌ನಿಂದ ಹೊರಗೆ ನಡೆದ.

"ಹಾಗಾದ್ರೆ ಯಾರಮ್ಮ ಕರ್ಕೊಂಡು ಬರೋದು? ಮುಹೂರ್ತ ಮೀರತ್ತೆ" ಎಂದರು ಪುರೋಹಿತರು.

"ನಾನೇ" ಎಂದಳು ವಸುಂಧರಾ.

ಒಳಗೆ ಅನನ್ಯಾ ತೆಂಗಿನಕಾಯಿ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು, ಕಣ್ಣು ತುಂಬಿತ್ತು. ವಸುಂಧರಾ ಗೆದ್ದ ಭರದಲ್ಲಿ ಮಗಳ ಮಣಿಕಟ್ಟಿಗೆ ಕೈ ಹಾಕಿದಳು. ಅನನ್ಯಾ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

ಇಬ್ಬರೂ ಅಮ್ಮನ ಆ ಚಾಚಿದ ಕೈ ನೋಡಿದರು.

"ನಿಂದೂ ಬೇಡಮ್ಮ" ಎಂದಳು ಅನನ್ಯಾ, ಮೆಲ್ಲಗೆ. "ಆ ಫೋನ್ ಕಿತ್ಕೊಂಡ ದಿನ... ನನಗೆ ನೆನಪಿದೆ. ಯಾರೂ ಹಿಡಿಯೋದು ಬೇಡ. ಐ'ಮ್ ಗ್ರ್ಯಾಂಡ್, ಆರಾಮಾಗಿದೀನಿ. ನಾನೇ ನಡೀತೀನಿ."

ವಸುಂಧರಾಳಿಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ಜನರ ಮುಂದೆ ಇವಳಿಗಾಗಿ ಬೀದಿಗೆ ಬಿದ್ದೆನಲ್ಲ, ನನಗೇ ಹೀಗನ್ನುತ್ತಾಳಲ್ಲ ಎಂದು ಕಣ್ಣು ಉರಿಯಿತು. ಇದೊಂದು ಮಾಡೋಕೆ ಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ಅದು ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ಕೇಳಿದ ಮಾತು ಎಂದು ಹೊಳೆದು, ಬಾಯಿ ಮುಚ್ಚಿಕೊಂಡಳು.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಸರಿ" ಎಂದಳು. "ಪಕ್ಕದಲ್ಲಿ ಬರಲಾ?"

ಅನನ್ಯಾ ಸ್ವಲ್ಪ ಯೋಚಿಸಿ, "ಬಾ" ಎಂದಳು.

ಮಗಳು ಮುಂದೆ ಹೆಜ್ಜೆ ಇಟ್ಟಳು. ವಸುಂಧರಾ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಒಂದು ಮೊಳ ದೂರ ಬಿಟ್ಟು, ಅವಳ ಪಕ್ಕದಲ್ಲಿ ನಡೆದಳು.