ಟ್ರಯಲ್ ಸೈಕಲ್

ಎದುರಿನ ವಿಲ್ಲಾದ ಇಂಗ್ಲಿಷ್ ಹೆಂಗಸು ದುಬೈ ಬಿಟ್ಟು ತನ್ನ ಊರಿಗೆ ಹೊರಟ ದಿನ ನನಗೊಂದು ಸೈಕಲ್ ಕೊಟ್ಟಳು. ಮೊಣಕಾಲು ನೋವಿಗೆ ಸೈಕಲ್ ಬಿಡುವುದು ಒಳ್ಳೆಯದು ಅಂತ ಡಾಕ್ಟರು ಹೇಳಿದ್ದನ್ನು ಯಾವಾಗಲೋ ಅವಳಿಗೆ ಹೇಳಿದ್ದೆ, ಅದು ಅವಳಿಗೆ ನೆನಪಿತ್ತು. ಗೇಟಿನಲ್ಲಿ ಸಾಮಾನಿನ ಲಾರಿ ನಿಂತಿತ್ತು. ಕೆಲಸದವರು ಸೋಫಾ ಹೊರುತ್ತಿದ್ದರು. ಆ ಗಡಿಬಿಡಿಯಲ್ಲಿ ಅವಳು ಸೈಕಲ್ ತಂದು ನನ್ನ ಕೈಗಿತ್ತು, "ಜೋಪಾನ, ಇದು ಟೈಮ್ ಟ್ರಯಲ್ ಬೈಕ್" ಅಂದಳು.

ಟ್ರಯಲ್ ಅಂದರೆ ಪ್ರಯತ್ನ. ಹೊಸಬರು ಪ್ರಯತ್ನ ಮಾಡಿ ನೋಡಲಿಕ್ಕೆ ಇರುವ ಸೈಕಲ್ ಅಂತ ನಾನು ಅರ್ಥ ಮಾಡಿಕೊಂಡೆ.

ನನ್ನ ಗಂಡ ಜೆಬೆಲ್ ಅಲಿಯಿಂದ ಕೆಲಸ ಮುಗಿಸಿ ಬಂದವರು ಅದರ ಸುತ್ತ ಒಂದು ಸುತ್ತು ಬಂದರು. "ಎಂತ ಮಾರಾಯ್ತಿ ಇದು, ವಿಮಾನದ ಹಾಗೆ ಉಂಟು" ಅಂದರು. ಒಂದು ಬೆರಳಲ್ಲಿ ಎತ್ತಬಹುದಿತ್ತು. ಮುಂದಿನ ಚಕ್ರದ ರಿಮ್ಮು ಅಂಗೈಯಷ್ಟು ಅಗಲ. ಹ್ಯಾಂಡಲ್ಲಿನ ನಡುವಿನಿಂದ ಎರಡು ಕೊಂಬು ಮುಂದಕ್ಕೆ ಚಾಚಿಕೊಂಡಿದ್ದವು, ಅವುಗಳ ಬುಡದಲ್ಲಿ ಮೊಣಕೈ ಇಡಲಿಕ್ಕೆ ಮೆತ್ತೆ. ಕಲಿಯುವವರಿಗೆ ಕೈ ನೋಯಬಾರದು ಅಂತ ಮೆತ್ತೆ ಕೂಡ ಇಟ್ಟಿದ್ದಾರಲ್ಲ ಅಂತ ನನಗೆ ಖುಷಿಯಾಯಿತು. ಪೆಡಲ್ಲಿಗೆ ಬೇರೆಯೇ ಶೂ ಬೇಕಿತ್ತು, ಆದ್ದರಿಂದ ಮುಹೈಸ್ನಾದ ಒಂದು ಸಣ್ಣ ಅಂಗಡಿಯಲ್ಲಿ ಸಾದಾ ಪೆಡಲ್ ಹಾಕಿಸಿಕೊಂಡೆವು.

ಮುಂದಿನ ರಜೆಯ ದಿನ ಬೆಳಿಗ್ಗೆ ಅಲ್ ಕುದ್ರಾಕ್ಕೆ ಹೋದೆವು. ಮರುಭೂಮಿಯ ನಡುವೆ ಸೈಕಲ್ಲಿನವರಿಗಾಗಿಯೇ ಮಾಡಿದ ಟಾರು ಹಾದಿ ಅದು. ಗಂಡ ಫ್ಲಾಸ್ಕಿನ ಚಹಾ ಹಿಡಿದು ಕಾರಿನ ಹತ್ತಿರ ಉಳಿದರು. ಚಿಕ್ಕಂದಿನಲ್ಲಿ ಉಳ್ಳಾಲದ ಮರಳು ರಸ್ತೆಯಲ್ಲಿ ಅಪ್ಪನ ಸೈಕಲ್ ಬಿಟ್ಟವಳು ನಾನು, ಹೆದರಿಕೆ ಏನೂ ಇರಲಿಲ್ಲ. ಸ್ವಲ್ಪ ದೂರ ಸರಿಯಾಗಿಯೇ ಹೋದೆ. ಆಮೇಲೆ ಎದುರು ವಿಲ್ಲಾದವಳು ಮಾಡುತ್ತಿದ್ದದ್ದು ನೆನಪಾಗಿ, ಬಾಗಿ ಮೊಣಕೈಗಳನ್ನು ಮೆತ್ತೆಯ ಮೇಲಿಟ್ಟು ಕೊಂಬುಗಳನ್ನು ಹಿಡಿದೆ.

ಅಷ್ಟರಲ್ಲಿ ಮಗ್ಗುಲಿನಿಂದ ಗಾಳಿ ಬಂತು. ಅಗಲದ ಚಕ್ರ ಗಾಳಿಯನ್ನು ಹಾಯಿಪಟದ ಹಾಗೆ ಹಿಡಿಯಿತು. ಸೈಕಲ್ಲನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಬ್ರೇಕ್ ಒತ್ತಲು ಬೆರಳು ಚಾಚಿದೆ. ಬ್ರೇಕ್ ಅಲ್ಲಿ ಇರಲಿಲ್ಲ! ಅದು ಇದ್ದದ್ದು ಆಚೀಚೆ ಹ್ಯಾಂಡಲ್ಲಿನ ತುದಿಯ ಹಿಡಿಗಳಲ್ಲಿ. ಕೈ ಅಲ್ಲಿಗೆ ಮುಟ್ಟುವ ಮೊದಲೇ ನಾನು ಹೆಗಲೂರಿ ಟಾರಿನ ಮೇಲೆ ಬಿದ್ದಿದ್ದೆ.

ಹಿಂದಿನಿಂದ ಬರುತ್ತಿದ್ದ ಇಬ್ಬರು ನಿಂತು ನನ್ನನ್ನು ಎಬ್ಬಿಸಿ ಕೂರಿಸಿದರು. ಒಬ್ಬ ನೀರು ಕೊಟ್ಟ. ಇನ್ನೊಬ್ಬ ನನ್ನ ಕಾಟನ್ ಚೂಡಿದಾರ, ಮನೆಯ ಸ್ಯಾಂಡಲ್, ಆ ಸೈಕಲ್, ಮೂರನ್ನೂ ಒಂದಾದ ಮೇಲೊಂದು ನೋಡಿದ.

ಗಂಡ ನನ್ನನ್ನು ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದುಕೊಂಡು ಹೋದರು. ಕಾಲರ್ ಬೋನ್ ಮುರಿದಿತ್ತು. ಮೂಳೆ ಡಾಕ್ಟರು ಧಾರವಾಡದ ಕಡೆಯವರು. ಎಕ್ಸ್‌ರೇ ಬೆಳಕಿಗೆ ಹಿಡಿದುಕೊಂಡೇ ಕೇಳಿದರು.

"ಯಾವ ಸೈಕಲ್ರೀ ಸಿಸ್ಟರ್?"

"ರೋಡ್ ಬೈಕ್ ಡಾಕ್ಟ್ರೇ."

"ರೋಡ್ ಬೈಕ್ ಅಂದ್ರ ಯಾವ್ದು? ಏರೋ? ಕ್ಲೈಂಬಿಂಗ್? ಎಂಡ್ಯೂರೆನ್ಸ್?"

ಈ ಡಾಕ್ಟರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಅವರು ಸೈಕಲ್ ಬಿಡುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಟೈಮ್ ಟ್ರಯಲ್ ಅಂದೆ. ಅವರು ಎಕ್ಸ್‌ರೇ ಕೆಳಗಿಟ್ಟರು.

"ನೀವು ರೇಸಿಗೆ ಹೋಗ್ತೀರೇನ್ರೀ?"

"ಇಲ್ಲ ಡಾಕ್ಟ್ರೇ. ಟ್ರಯಲ್ ಅಂದ್ರೆ ಹೊಸಬರಿಗೆ ಅಂತ ತಿಳ್ಕೊಂಡೆ."

ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. "ಸಿಸ್ಟರ್, ಅದು ಗಡಿಯಾರದ ಜೋಡಿ ಸ್ಪರ್ಧೆ ಮಾಡೋ ಸೈಕಲ್. ಒಬ್ರೇ, ನೆಟ್ಟಗೆ, ಜೋರಾಗಿ ಹೋಗಾಕ ಮಾಡಿದ್ದು. ತಿರುಗಿಸಾಕೂ ಅಲ್ಲ, ನಿಲ್ಲಿಸಾಕೂ ಅಲ್ಲ. ನಾನೇ ಅದನ್ನ ಮುಟ್ಟಂಗಿಲ್ಲ." ಪಕ್ಕದಲ್ಲಿದ್ದ ಗಂಡ, "ಸೈಕಲ್ ನಿಲ್ಲಿಸ್ಲಿಕ್ಕೆ ಅಲ್ವಂತೆ!" ಅಂತ ಗೋಡೆಗೆ ಹೇಳಿದ ಹಾಗೆ ಹೇಳಿದರು.

ಆ ಸೈಕಲ್ಲನ್ನು ನಮ್ಮ ಆಸ್ಪತ್ರೆಯ ಲ್ಯಾಬಿನ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟೆ. ಅವಳು ನಿಜವಾಗಿಯೂ ರೇಸಿಗೆ ಹೋಗುವವಳು. ನಮ್ಮ ರಸ್ತೆಯಲ್ಲೇ ಹತ್ತಿ ತೋರಿಸಿದಳು. ಮೊಣಕೈ ಊರಿ ಬೆನ್ನು ಚಪ್ಪಟೆ ಮಾಡಿದ್ದೇ ತಡ, ಶಬ್ದವೇ ಇಲ್ಲದೆ ಮಸೀದಿಯ ತಿರುವಿನವರೆಗೆ ಹೋಗಿಬಿಟ್ಟಳು. ಮೈ ಜುಂ ಅಂದಿತು. ಇಂಥದ್ದರ ಮೇಲೆ ನಾನು ಕೂತಿದ್ದೆನಾ?

ಮೂಳೆ ಕೂಡಿದ ಮೇಲೆ ದೊಡ್ಡ ಸೈಕಲ್ ಅಂಗಡಿಗೆ ಹೋದೆವು. "ಒಂದು ಸಾಧಾರಣ ರೋಡ್ ಬೈಕ್" ಅಂತ ಕೇಳಿದೆ. ಕೌಂಟರಿನ ಫಿಲಿಪಿನೋ ಹುಡುಗಿಗೆ ಪಾಪ, ಅರ್ಥವೇ ಆಗಲಿಲ್ಲ. ಅಂಥದ್ದೊಂದು ಇಲ್ಲವಂತೆ. ಗಾಳಿ ಸೀಳುವ ಏರೋ ಬೇರೆ, ಬೆಟ್ಟ ಹತ್ತುವ ಕ್ಲೈಂಬಿಂಗ್ ಬೇರೆ, ತುಂಬ ಹೊತ್ತು ಕೂರುವವರ ಎಂಡ್ಯೂರೆನ್ಸ್ ಬೇರೆ. ಜಲ್ಲಿ ದಾರಿಯದ್ದು ಗ್ರಾವೆಲ್, ಅದರಲ್ಲಿ ಮತ್ತೆ ರೇಸಿನದ್ದು ಮತ್ತು ದೂರ ಪ್ರಯಾಣದ್ದು. ಟಾರಿಗೂ ಜಲ್ಲಿಗೂ ನಡುವಿನದ್ದು ಆಲ್‌ರೋಡ್. ನನಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ಹಿಂದೊಮ್ಮೆ ಒಂದು ಜಾತಿಯ ಹೆಸರು ತಿಳಿಯದೆ ನನ್ನ ಮೂಳೆ ಮುರಿದಿತ್ತು. ಇಲ್ಲಿ ಇನ್ನೆಷ್ಟು ಹೆಸರುಗಳು, ಯಾವುದರೊಳಗೆ ಎಂಥದ್ದು ಕಾದಿದೆಯೋ!

"ಬ್ರೇಕ್ ಎಲ್ಲುಂಟು ಅಂತ ಮೊದ್ಲು ಕೇಳು" ಅಂದರು ಗಂಡ.

ಕೇಳಿದೆ. ಹುಡುಗಿ ನನ್ನ ಕೈ ಹಿಡಿದು ಒಂದೊಂದೇ ಬೆರಳನ್ನು ಬ್ರೇಕಿನ ಮೇಲೆ ಇಟ್ಟು ತೋರಿಸಿದಳು. ಬೆನ್ನು ಅಷ್ಟಾಗಿ ಬಾಗದ, ಟೈರು ಸ್ವಲ್ಪ ದಪ್ಪಗಿದ್ದ ಎಂಡ್ಯೂರೆನ್ಸ್ ಜಾತಿಯದ್ದನ್ನು ಆರಿಸಿಕೊಂಡೆ. ಬಿಲ್ ಮಾಡುವಾಗ ಆ ಹುಡುಗಿ, ಇದರಲ್ಲೂ ಈಗ ಎರಡು ಬಗೆ ಬರುತ್ತಿದೆ ಮ್ಯಾಡಮ್ ಅಂತ ಶುರು ಮಾಡಿದಳು. ಗಂಡ ಕೈಮುಗಿದು, "ಖಲಾಸ್ ತಂಗಿ, ಖಲಾಸ್" ಅಂದರು.

ಮತ್ತೆ ಅಲ್ ಕುದ್ರಾಕ್ಕೆ ಹೋದ ದಿನವೂ ಗಾಳಿ ಇತ್ತು. ಹೆಗಲು ತಾನಾಗಿಯೇ ಬಿಗಿಯಿತು, ಎರಡೂ ಕೈ ಬ್ರೇಕ್ ಬಿಡಲಿಲ್ಲ. ನನ್ನ ಪಕ್ಕದಿಂದ ಬಗೆಬಗೆಯ ಸೈಕಲ್ಲುಗಳು ಸುಂಯ್ ಅಂತ ಹೋಗುತ್ತಿದ್ದವು, ಯಾವುದು ಯಾವ ಜಾತಿ ಅಂತ ಇವತ್ತಿಗೂ ನನಗೆ ತಿಳಿಯುವುದಿಲ್ಲ. ಸ್ವಲ್ಪ ದೂರ ಹೋಗಿ, ತಿರುಗಿಸಿಕೊಂಡು ಕಾರಿನ ಹತ್ತಿರ ಬಂದು ಇಳಿದೆ.

"ಹೇಗಾಯ್ತು?" ಅಂತ ಗಂಡ ಕೇಳಿದರು.

"ಬೀಳ್ಲಿಲ್ಲ" ಅಂದೆ.