ತೌಹೀದನ ಜೇಬು

ಶಕೀಲಕ್ಕನಿಗೆ ಬಾಯಿ ಜಾಸ್ತಿ ಎಂದು ನಮ್ಮ ಮ್ಯಾನೇಜರ್ ಅಂಜನಪ್ಪ ಈಗಲೂ ಹೇಳುತ್ತಾರೆ. ಹೇಳಲಿ ಬಿಡಿ. ಆ ಬಾಯಿ ಇಲ್ಲದಿದ್ದರೆ ಅವಳ ತಮ್ಮ ತೌಹೀದ್ ಇವತ್ತಿಗೂ ಮಾತ್ರೆಯ ಮಂಪರಿನಲ್ಲಿ ಜೊಲ್ಲು ಸುರಿಸಿಕೊಂಡು ಬಿದ್ದಿರುತ್ತಿದ್ದ. ಆ ಮಾತ್ರೆ ಕೊಡುತ್ತಿದ್ದವಳು ನಾನೇ, ಶಿಲ್ಪಾ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಆರೈಕೆಯ ಕೆಲಸ ಮಾಡುವ ಗುಬ್ಬಿ ರಸ್ತೆಯ ನಿಲಯದಲ್ಲಿ ಹದಿನಾಲ್ಕು ಗಂಡಸರಿದ್ದಾರೆ. ಕೆಲವರಿಗೆ ಬುದ್ಧಿಯ ಬೆಳವಣಿಗೆ ನಿಧಾನ, ಕೆಲವರಿಗೆ ಆಟಿಸಂ. ಎಲ್ಲರೂ ಮೀಸೆ ಬಂದವರೇ, ಆದರೂ ನಾವು ‘ಮಕ್ಕಳು’ ಎನ್ನುತ್ತಿದ್ದೆವು. ತೌಹೀದನಿಗೆ ಮೂವತ್ತಮೂರು ವರ್ಷ, ಮಾತಿಲ್ಲ. ಉಪ್ಪಾರಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಶಕೀಲಕ್ಕನನ್ನು ಬಿಟ್ಟರೆ ಅವನಿಗೆ ಯಾರೂ ಇಲ್ಲ. ಅಮ್ಮಿ ತೀರಿಕೊಂಡ ಮೇಲೆ, ಅಕ್ಕ ಮಿಷನ್ ಮುಂದೆ ಕೂತಿದ್ದಾಗ ಎರಡು ಸಲ ಒಬ್ಬನೇ ಹೋಗಿ ಕುಣಿಗಲ್ ಬಸ್ ಹತ್ತಿಬಿಟ್ಟಿದ್ದ. ಎರಡನೇ ಸಲ ಅವನು ಸಿಕ್ಕಿದ್ದು ಮಾರನೆಯ ದಿನ. ಆಮೇಲೆ ಅವಳು ಅಳುತ್ತಲೇ ತಂದು ನಮ್ಮಲ್ಲಿ ಬಿಟ್ಟಳು.

ಜೊತೆಗೆ ತಾನೇ ಹೊಲಿದ ಆರು ಅಂಗಿ ಕೊಟ್ಟಿದ್ದಳು. ಎಲ್ಲಕ್ಕೂ ಎಡಗಡೆ ಸೊಂಟದ ಹತ್ತಿರ ಆಳವಾದ ಜೇಬು. ದಾರ ಮುಗಿದ ಒಂದು ರೀಲನ್ನು ಆ ಜೇಬಿನೊಳಗೇ ತಿರುಗಿಸುತ್ತಿದ್ದರೆ ತೌಹೀದ್ ದಿನವಿಡೀ ನೆಮ್ಮದಿಯಾಗಿರುತ್ತಿದ್ದ.

“ಈ ಜೇಬೊಂದು ಇದ್ರೆ ಅವನು ಬಂಗಾರ ಕಣಮ್ಮ,” ಎಂದು ನನಗೆ ಹೇಳಿಯೂ ಹೋಗಿದ್ದಳು.

ನಾನು ತಲೆಗೆ ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ಒಗೆದ ಬಟ್ಟೆಯೆಲ್ಲ ಒಂದೇ ರಾಶಿ, ಸ್ನಾನವಾದವರಿಗೆ ಕೈಗೆ ಸಿಕ್ಕಿದ್ದನ್ನು ಹಾಕುವುದು. ತೌಹೀದನಿಗೆ ಯಾರದೋ ಟೀ ಶರ್ಟ್ ಹಾಕಿದೆವು. ಅವನ ಕೈ ಎಡಗಡೆ ಜೇಬು ಹುಡುಕಿತು, ಸಿಗಲಿಲ್ಲ. ತೊಡೆಗೆ ಹೊಡೆದುಕೊಂಡ, ಆಮೇಲೆ ಕೆನ್ನೆಗೆ. ದಿನಚರಿ ಪುಸ್ತಕದಲ್ಲಿ ನಾನು ‘ಹಠ, ಗಲಾಟೆ’ ಎಂದು ಬರೆದೆ. ವಾರವಿಡೀ ಅದನ್ನೇ ಬರೆದೆ. ಅಂಜನಪ್ಪ ಫೋನ್ ಮಾಡಿ ಕೇಳಿದರು, ಡಾಕ್ಟರು ಫೋನಿನಲ್ಲೇ ಮಾತ್ರೆ ಹೇಳಿದರು. ಗಲಾಟೆ ನಿಂತಿತು. ತೌಹೀದನೂ ನಿಂತುಹೋದ.

ತಿಂಗಳ ಮೊದಲ ಭಾನುವಾರ ಮನೆಯವರು ಬರುವ ದಿನ. ತೂರಾಡುತ್ತಿದ್ದ ತೌಹೀದನನ್ನು ನಾನು ತೋಳು ಹಿಡಿದು ಕರೆತಂದೆ, ಗಲಾಟೆಗೆ ಮಾತ್ರೆ ಕೊಡ್ತಿದೀವಿ ಎಂದೆ. ಶಕೀಲಕ್ಕ ಅವನ ಮುಖ ನೋಡಿದಳು, ಮೈಮೇಲಿನ ಟೀ ಶರ್ಟ್ ನೋಡಿದಳು. ಅಷ್ಟರಲ್ಲಿ ಅಂಗಳದಲ್ಲಿ ಹಾದುಹೋದ ಚಿಕ್ಕಬೀರಯ್ಯನ ಮೇಲೆ ಅವಳ ಕಣ್ಣು ಬಿತ್ತು. ಅವನೂ ನಮ್ಮಲ್ಲೇ ಇರುವವನು, ಐವತ್ತು ದಾಟಿದವನು.

“ಅದು ನಾನು ಹೊಲ್ದಿರೋ ಅಂಗಿ! ನಮ್ಮ ಹುಡುಗನ ಜೇಬು ಕಿತ್ಕೊಂಡು ಬಾಯಿಗೆ ಮಾತ್ರೆ ಹಾಕಿದೀರಾ? ಥೂ, ನಿಮ್ಮ ಮನೆ ಹಾಳಾಗ!”

“ಒಂದು ಅಂಗಿಗೆ ಇಷ್ಟು ರಾದ್ಧಾಂತಾನಾ?” ಎಂದರು ಅಂಜನಪ್ಪ. “ಇಷ್ಟ ಇಲ್ದಿದ್ರೆ ಕರ್ಕೊಂಡೋಗಿ.”

ಈ ಮಾತಿಗೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಆದರೆ ಶಕೀಲಕ್ಕ ಬುರ್ಖಾದ ತೋಳು ಮೇಲೇರಿಸಿದಳು.

“ಕರ್ಕೊಂಡೋಗಲ್ಲ. ಸುಮ್ನೇನೂ ಇರಲ್ಲ. ಅವನು ಇಲ್ಲೇ ಇರ್ತಾನೆ, ಮನುಷ್ಯನ ಥರ ಇರ್ತಾನೆ. ಏನ್ ಮಾಡ್ತೀರೋ ಮಾಡ್ಕೊಳ್ಳಿ!”

ಮಾರನೆಯ ದಿನ ಬೆಳಿಗ್ಗೆ ಆಟೋದಲ್ಲಿ ಕೈ ಮಿಷನ್ ಇಟ್ಟುಕೊಂಡು ಬಂದೇಬಿಟ್ಟಳು. ಹೊರಗಿನವರು ಒಳಗೆ ಬರುವಂತಿಲ್ಲ ಎಂದರು ಅಂಜನಪ್ಪ. ಸರಿ, ಗೇಟಿನ ಹೊರಗಿನ ಕಟ್ಟೆಯ ಮೇಲೆಯೇ ಕೂತಳು. ನಾನು ಬಟ್ಟೆಯ ರಾಶಿಯನ್ನು ಎತ್ತಿಕೊಂಡು ಹೊರಟೆ.

“ಕೆಲ್ಸ ಹೋಗುತ್ತೆ ಶಿಲ್ಪಾ,” ಎಂದರು ಅಂಜನಪ್ಪ.

“ಹೋಗ್ಲಿ ಸಾರ್,” ಎಂದೆ. ರಾಶಿಯನ್ನು ಅವಳ ಪಕ್ಕದಲ್ಲಿ ತಂದು ಸುರಿದೆ.

ಯಾರ ಅಂಗಿ ಯಾವುದು ಎಂದು ಗೊತ್ತಾಗಬೇಕು, ಆದರೆ ಓದಲು ಬಾರದವರಿಗೆ ಅಂಗಿಯ ಮೇಲೆ ಹೆಸರು ಬರೆದರೇನು ಬಂತು? ಶಕೀಲಕ್ಕ ಬ್ಲೌಸ್ ಪೀಸಿನ ಚೂರುಗಳನ್ನು ಹರಡಿ, ನಾನು ಗೇಟಿಗೆ ಕರೆತಂದ ಒಬ್ಬೊಬ್ಬರಿಗೂ ಬೇಕಾದ ಬಣ್ಣ ಆರಿಸಲು ಹೇಳಿದಳು. ಅದೇ ಚೂರನ್ನು ಅವರವರ ಅಂಗಿಯ ಕಾಲರಿಗೆ ಹೊಲಿದಳು. ತೌಹೀದ್ ಅರೆಗಣ್ಣಿನಲ್ಲೇ ಹಸಿರು ಹಿಡಿದ. ಚಿಕ್ಕಬೀರಯ್ಯ ಮಾತ್ರ ಹಾಕಿಕೊಂಡಿದ್ದ ಅಂಗಿ ಬಿಡಲೊಲ್ಲ. ಎಡಜೇಬಿನಲ್ಲಿ ಕೈ ತೂರಿಸಿ, “ಕೊಡಾಕಿಲ್ಲ, ನಂದು,” ಎಂದ.

ಶಕೀಲಕ್ಕ ನಕ್ಕುಬಿಟ್ಟಳು. “ಇಟ್ಕೊಳ್ಳಿ ಅಣ್ಣ. ನಿಮಗೂ ಜೇಬು ಬೇಕಾ ಅಂತ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ನಾಲ್ಕು ದಿನ ಕೂತು ಹದಿನಾಲ್ಕು ಜನರಿಗೂ ಜೇಬು ಹೊಲಿದಳು.

ಆಮೇಲೆ ಮಂಪರು ಇಳಿದ ಹೊತ್ತಿನಲ್ಲೂ ತೌಹೀದ್ ಜೇಬಿನಲ್ಲಿ ರೀಲು ತಿರುಗಿಸುತ್ತಿದ್ದ, ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಎರಡು ವಾರ ನಾನು ಅದನ್ನೇ ಬರೆದೆ. ಶಕೀಲಕ್ಕ ಆ ಪುಟಗಳ ಫೋಟೋ ತೆಗೆದುಕೊಂಡು ಸದಾಶಿವನಗರದಲ್ಲಿದ್ದ ಆ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ, ‘ನಾನೇ ಬಂದು ಕಣ್ಣಾರೆ ನೋಡುತ್ತೇನೆ’ ಎಂದು ಅವರು ಒಪ್ಪುವವರೆಗೂ ಅಲ್ಲಿಂದ ಎದ್ದೇಳಲಿಲ್ಲ. ಅವರು ಬಂದು ನೋಡಿ ಮಾತ್ರೆ ಕಡಿಮೆ ಮಾಡುತ್ತ ಎರಡು ತಿಂಗಳಲ್ಲಿ ನಿಲ್ಲಿಸಿದರು.

ಮೊನ್ನೆ ಬೆಳಿಗ್ಗೆ ಗಡಿಬಿಡಿಯಲ್ಲಿ ನಾನೇ ತೌಹೀದನ ಮುಂದೆ ಬೇರೆ ಯಾರದೋ ಅಂಗಿ ಹಿಡಿದೆ. ಅವನು ಹೊಡೆದುಕೊಳ್ಳಲಿಲ್ಲ. ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಹೋಗಿ ಹಸಿರು ಚೂರಿನ ಅಂಗಿ ತಂದು ನನ್ನ ಕೈಗೆ ಕೊಟ್ಟು ನಿಂತ. ನನಗೆ ಅಳು ಬಂದುಬಿಟ್ಟಿತು.

ಪುಸ್ತಕದಲ್ಲಿ ಬರೆದೆ: ‘ತಪ್ಪು ಅಂಗಿ ಕೊಟ್ಟೆ. ತೌಹೀದ್ ಬೇಡ ಅಂದರು.’

ಅಂಜನಪ್ಪ ಓದಿ ಮುಖ ಕಿವುಚಿದರು. “ಮಾತೇ ಬರದವನು ಬೇಡ ಅಂದ್ನಾ? ಅಳ್ಸು ಅದನ್ನ.”

“ಅಳ್ಸಲ್ಲ ಸಾರ್,” ಎಂದೆ. “ಅಂದಿದ್ದು ನಂಗೆ ಕೇಳಿಸ್ತು.”