ಭಾಲ್ಕಿಯ ಗಾದಿಗಳು

ನಾನು ಹತ್ತಬೇಕಿದ್ದ ಔರಾದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಭಾಲ್ಕಿ ನಿಲ್ದಾಣದ ಹಿಂದಿನ ಕುಸ್ತಿ ತಾಲೀಮಿನ ಮನೆಯ ಅಂಗಳದಲ್ಲಿ ಪೈಲ್ವಾನ ನಾಗಶೆಟ್ಟಿ ಕೂತು ಗಾದಿಗಳ ಹೊಲಿಗೆ ಬಿಚ್ಚುತ್ತಿದ್ದ. ಒಲಿಂಪಿಕ್ಸಿನಲ್ಲಿ ಮಣ್ಣಿಲ್ಲ, ಗಾದಿಯ ಮೇಲೆ ಕುಸ್ತಿ ಎಂದು ಯಾರೋ ಹೇಳಿದ್ದರಂತೆ. ಓಣಿಯವರು ತಾವು ಮಲಗುವ ಹತ್ತಿಯ ಗಾದಿಗಳನ್ನೇ ತಂದು, ಒಂದಕ್ಕೊಂದು ಹೊಲಿದು, ಅವನ ಅಭ್ಯಾಸಕ್ಕೆ ಹಾಸಿಕೊಟ್ಟಿದ್ದರು. ಒಟ್ಟು ಹನ್ನೆರಡು ಗಾದಿ ಎಂದನೋ ಹದಿನಾರು ಎಂದನೋ, ಬಸ್ಸಿನಲ್ಲಿ ಕೂತು ಬರೆಯುವಾಗಲೇ ನನಗೆ ಖಾತ್ರಿಯಿಲ್ಲ. ಆಯ್ಕೆಯ ಕುಸ್ತಿಯಲ್ಲಿ ಅವನು ಸೋತು ಬಂದ. ಈಗ ಚಳಿಯೂ ಬಂದಿದೆ, ಓಣಿಯವರಿಗೆ ಗಾದಿ ವಾಪಸ್ಸು ಬೇಕು.

“ಕೆಂಪು ಗೆರಿದು ನಂದು, ಹರೀಬ್ಯಾಡ,” ಎಂದಳು ಗಂಗಾಬಾಯಿ ಎಂಬ ಮುದುಕಿ. “ಮೊನ್ನಿ ಮೈಸೂರು ರಾಜ್ಯ ಸೇರೀವಿ. ಅವರ ಮುಂದ ಯಾವ ಮಾರಿ ತೋರಸೂದೋ? ದೇಶದ ಹೆಸರು ಮಣ್ಣಾಗ ಹಾಕ್ದಿ.”

“ಮಣ್ಣಾಗ ಅಲ್ಲ ಮಾವಸಿ, ಗಾದಿ ಮ್ಯಾಲ,” ಎಂದು ಪಕ್ಕದವನೊಬ್ಬ ನಕ್ಕ.

ನಾಗಶೆಟ್ಟಿ ಇನ್ನೊಂದು ಹೊಲಿಗೆ ಬಿಚ್ಚಿದ. ಅವರು ಅತ್ತ ಸರಿದಾಗ, ಅಭ್ಯಾಸ ಸಾಲಲಿಲ್ಲವೇ ಎಂದು ಕೇಳಿದೆ.

“ಅಲ್ಲಿ ಗಾದಿ ಹಲಗಿ ಹಾಂಗ ಗಟ್ಟಿ ಇತ್ರಿ ಸಾಬ್,” ಎಂದ ಸಣ್ಣ ದನಿಯಲ್ಲಿ. “ಈ ಮೆತ್ತನ್ನದರಾಗ ಆಡಿ ಆಡಿ ನನ್ನ ಕಾಲಿನ ಹಿಡಿತಾನೇ ಹೋಗಿತ್ತು. ಇವರಿಗಿ ಹೇಳಬ್ಯಾಡ್ರಿ. ಮೂರು ತಿಂಗಳು ಮಕ್ಕಳನ್ನ ಕಟಗೊಂಡು ನೆಲದ ಮ್ಯಾಲ ಮಲಗ್ಯಾರ.”

ಗಂಗಾಬಾಯಿಗೆ ಗಾದಿ ಎತ್ತಲಾಗಲಿಲ್ಲ. ಅವನೇ ಎದ್ದು ಅದನ್ನು ತಲೆಯ ಮೇಲೆ ಹೊತ್ತು ಓಣಿಯೊಳಗೆ ನಡೆದ. ಅವಳು ಬೈಯುತ್ತ ಹಿಂದೆ ಹೋದಳು.